ಆಟೋಮ್ಯಾಟಿಕ್ ಪಿಕಪ್‌ಗೆ ಮ್ಯಾನುವಲ್ ಗೇರ್‌ಬಾಕ್ಸ್ ಕೂಡ್ಸೋದ್ರ ಬಗ್ಗೆ

ಸಂಡೂರು ಏರಿನ್ಯಾಗ ಗೇರ್ ಸ್ಲಿಪ್ ಆಗ್ತೈತಿ, 2019ರ ಇಸುಜು ವಿ-ಕ್ರಾಸ್ ಪಿಕಪ್ಪಿನ ಆಟೋಮ್ಯಾಟಿಕ್ ಬಾಕ್ಸ್ ತಗದು ಹಳೇ 2.5 ಲೀಟರ್ ಇಂಜಿನ್ನಿನ ವಿ-ಕ್ರಾಸ್ ಗಾಡಿದು ಮ್ಯಾನುವಲ್ ಬಾಕ್ಸ್ ಕೂಡ್ಸಲೇನು ಅಂತ ಕೇಳೀರಲ್ರಿ ಅಣ್ಣಾರ, ಗಡಿಬಿಡಿ ಮಾಡಬ್ಯಾಡ್ರಿ. ನಿಮ್ದು 1.9 ಲೀಟರ್, ಇಂಜಿನ್ನ ಬ್ಯಾರೆ, ಬೋಲ್ಟ್ ಕೂಡ್ತಾವಂತ ನಂಬಿ ಗುಜರಿಯಿಂದ ಬಾಕ್ಸ್ ಎತ್ಕೊಂಡು ಬರಬ್ಯಾಡ್ರಿ.

ಬಾಕ್ಸ್ ಒಂದ ಅಲ್ರಿ, ಆಟೋಮ್ಯಾಟಿಕ್ ಗಾಡಿಯಾಗ ಇಂಜಿನ್ ಹಿಂದಿರೋ ತೆಳು ಫ್ಲೆಕ್ಸ್ ಪ್ಲೇಟ್ ತಗದು ಫ್ಲೈವೀಲ್, ಅದಕ್ಕ ಬ್ಯಾರೆ ಬೋಲ್ಟ್, ಕ್ಲಚ್ ಪ್ಲೇಟ್, ಪ್ರೆಷರ್ ಪ್ಲೇಟ್, ಪೆಡಲ್, ಮಾಸ್ಟರ್ ಸಿಲಿಂಡರ್ ಸ್ಲೇವ್ ಸಿಲಿಂಡರ್ ಎಲ್ಲಾ ಬೇಕು, ಬಾಕ್ಸ್ ಉದ್ದ ಬ್ಯಾರೆ ಇದ್ರ ಹಿಂದಿನ ಗಾಲಿ ಕಡೆ ಹೋಗೋ ಪ್ರೊಪೆಲರ್ ಶಾಫ್ಟ್ ಕಡಿಸಿ ಬ್ಯಾಲೆನ್ಸ್ ಮಾಡ್ಸಬೇಕು. ನಮ್ಮ ಕಾಕಾರ ಹಳೇ ಗಾಡಿಗೆ ಗಂಗಾವತಿಯಾಗ ಒಬ್ಬ ಫಿಟ್ಟರ್ ಕ್ರ್ಯಾಂಕ್ ತುದಿಗೆ ಗೇರ್‌ಬಾಕ್ಸ್ ಶಾಫ್ಟಿನ ತುದಿ ಹಿಡಿಯೋ ಪೈಲಟ್ ಬೇರಿಂಗ್ ಹಾಕೋದ ಮರ್ತಿದ್ದ, ನೆಲ್ಲಿನ ಲೋಡ್ ಹಾಕಿದ ಮ್ಯಾಲೆ ಏನು ಸೌಂಡ್ ಅಂತೀರಿ, ಮತ್ತ ಎಲ್ಲಾ ಕೆಳಗಿಳಸಬೇಕಾತು.

ಖರೇ ತಲಿನೋವು ಇಸಿಯು, ಅಂದ್ರ ಇಂಜಿನ್ ನಡಸೋ ಕಂಪ್ಯೂಟರ್. ಆಟೋಮ್ಯಾಟಿಕ್ ಬಾಕ್ಸಿನ ಸಿಗ್ನಲ್ ಸಿಗ್ಲಿಲ್ಲ ಅಂದ್ರ ಚೆಕ್ ಲೈಟ್ ಹತ್ತತೈತಿ, ಗೇರ್ ಪಾರ್ಕ್ ಇಲ್ಲಾ ನ್ಯೂಟ್ರಲ್‌ನ್ಯಾಗ ಐತಿ ಅಂತ ತಿಳಿಸೋ ಪಾರ್ಕ್ ನ್ಯೂಟ್ರಲ್ ಸ್ವಿಚ್ ವೈರ್ ಸರಿ ಮಾಡ್ದಿದ್ರ ಸ್ಟಾರ್ಟರ್ ಸೈತ ತಿರಗಂಗಿಲ್ಲ. ಮತ್ತ ಆರ್‌ಸಿ ವಿವರ ಕಂಪನಿ ಕೊಟ್ಟಿದ್ದಕ್ಕಿಂತ ಬ್ಯಾರೆ ಆಗೋ ಹಂಗ ಗಾಡಿ ಬದಲ ಮಾಡಬಾರ್ದು ಅನ್ನೋ ಮೋಟಾರು ವಾಹನ ಕಾಯ್ದೆ ಸೆಕ್ಷನ್ 52 ಐತಿ, ಇನ್ಶೂರೆನ್ಸ್‌ನೋರು ಕ್ಲೇಮ್ ಟೈಮಿಗೆ ಅದನ್ನ ಹಿಡೀಬಹುದು.

ಮೊದ್ಲು ಎಟಿಎಫ್, ಅಂದ್ರ ಆಟೋಮ್ಯಾಟಿಕ್ ಬಾಕ್ಸಿನ ಆಯಿಲ್, ಅದರ ಲೆವೆಲ್ ನೋಡಿ, ಆಮ್ಯಾಲೆ ಸ್ವಲ್ಪ ಇಳಿಸಿ ಬಣ್ಣ ನೋಡ್ರಿ. ಲೆವೆಲ್ ಕಮ್ಮಿ ಇದ್ರೂ ಸ್ಲಿಪ್ ಆಗ್ತೈತಿ. ಕರ್ರಗಾಗಿ ಸುಟ್ಟ ವಾಸ್ನಿ ಬಂದ್ರ ಒಳಗಿನ ಕ್ಲಚ್ ಪ್ಲೇಟ್ ಹೋಗ್ಯಾವ, ಆಗ ಬಾಕ್ಸ್ ಬಿಚ್ಚಿ ರಿಪೇರಿ ಮಾಡ್ಸೋದ ಸ್ವಸ್ತ ನನ್ ಪ್ರಕಾರ. ಆಯಿಲ್ ಬಣ್ಣದ ಫೋಟೋ ಹಾಕ್ರಿ, ನೋಡೋಣು.