ಶಸ್ತ್ರಚಿಕಿತ್ಸೆಗೆ ಮುನ್ನ ಕಬ್ಬಿಣಾಂಶದ ಕೊರತೆ

ಪ್ರಶ್ನೆ: ತಂದೆಯವರಿಗೆ ದೊಡ್ಡ ಕರುಳಿನ ಕ್ಯಾನ್ಸರ್ ಇದ್ದು, ಮೂರು ವಾರಗಳಲ್ಲಿ ಶಸ್ತ್ರಚಿಕಿತ್ಸೆ ನಡೆಯಲಿದೆ. ಹಿಮೋಗ್ಲೋಬಿನ್ 9 ಗ್ರಾಂ ಇದೆ. ಫೆರಿಟಿನ್ (ದೇಹದಲ್ಲಿನ ಕಬ್ಬಿಣದ ದಾಸ್ತಾನನ್ನು ಸೂಚಿಸುವ ಪ್ರೋಟೀನ್) 70 ಇದ್ದರೂ ಕಬ್ಬಿಣಾಂಶದ ಕೊರತೆಯಿದೆ ಎನ್ನುತ್ತಾರೆ. ಮಾತ್ರೆ ಬಿಟ್ಟು ರಕ್ತನಾಳದ ಮೂಲಕವೇ ಕಬ್ಬಿಣ ಕೊಡಬೇಕೆ?

ಉತ್ತರ: ಕರುಳಿನ ಗಡ್ಡೆಯಿಂದ ಕಣ್ಣಿಗೆ ಕಾಣದಷ್ಟು ಅಲ್ಪ ಪ್ರಮಾಣದಲ್ಲಿ ರಕ್ತ ಸೋರುತ್ತಲೇ ಇರುವುದರಿಂದ ಕಬ್ಬಿಣದ ದಾಸ್ತಾನು ಬರಿದಾಗುತ್ತದೆ. ಅದರ ಜೊತೆಗೆ, ಕ್ಯಾನ್ಸರ್ ಉಂಟುಮಾಡುವ ಉರಿಯೂತದಿಂದ ಯಕೃತ್ತು ಹೆಪ್ಸಿಡಿನ್ ಎಂಬ ಹಾರ್ಮೋನನ್ನು ಹೆಚ್ಚಾಗಿ ಸ್ರವಿಸುತ್ತದೆ; ಇದು ಕರುಳಿನಲ್ಲಿ ಕಬ್ಬಿಣ ಹೀರಲ್ಪಡುವುದನ್ನು ತಡೆಯುವುದಲ್ಲದೆ, ಜೀವಕೋಶಗಳಲ್ಲಿ ಉಳಿದಿರುವುದನ್ನೂ ಹೊರಗೆ ಬಿಡದೆ ಬಂಧಿಸಿಡುತ್ತದೆ. ಮಾತ್ರೆಗಳು ಇಲ್ಲಿ ನಿಧಾನವಾಗುವುದು ಈ ಕಾರಣಕ್ಕೆ. ಉರಿಯೂತದಲ್ಲಿ ಫೆರಿಟಿನ್ ತಾನಾಗಿಯೇ ಏರುವುದರಿಂದ ನಿಮ್ಮ ತಂದೆಯವರ 70 ಎಂಬ ಅಂಕಿ ನೆಮ್ಮದಿ ಕೊಡುವಂಥದ್ದಲ್ಲ. ಟ್ರಾನ್ಸ್‌ಫೆರಿನ್ ಸ್ಯಾಚುರೇಷನ್ (ರಕ್ತದಲ್ಲಿ ಕಬ್ಬಿಣವನ್ನು ಸಾಗಿಸುವ ಪ್ರೋಟೀನಿನಲ್ಲಿ ಕಬ್ಬಿಣ ತುಂಬಿರುವ ಪ್ರಮಾಣ) ಶೇ. 20ಕ್ಕಿಂತ ಕಡಿಮೆಯಿದ್ದರೆ ಕೊರತೆಯೆಂದೇ ಪರಿಗಣಿಸುತ್ತಾರೆ.

ಸಮಯ ಕಡಿಮೆ ಇರುವಾಗ ರಕ್ತನಾಳದ ಮೂಲಕ ಕೊಡುವ ಕಬ್ಬಿಣವೇ ಸೂಕ್ತವೆಂಬುದು ನನ್ನ ಅಭಿಪ್ರಾಯ, ಆದರೆ ಅದರಿಂದ ಪವಾಡವನ್ನು ನಿರೀಕ್ಷಿಸಬಾರದು. ಹೊಟ್ಟೆಯ ದೊಡ್ಡ ಶಸ್ತ್ರಚಿಕಿತ್ಸೆಗಳ ಕುರಿತು 2020ರಲ್ಲಿ ಪ್ರಕಟವಾದ ‘ಪ್ರಿವೆಂಟ್’ ಅಧ್ಯಯನದಲ್ಲಿ ಇದರಿಂದ ರಕ್ತ ಪಡೆಯುವ ಅಗತ್ಯ ಕಡಿಮೆಯಾಗಲಿಲ್ಲ. ಆದರೆ ಶಸ್ತ್ರಚಿಕಿತ್ಸೆಯ ನಂತರದ ವಾರಗಳಲ್ಲಿ ಹಿಮೋಗ್ಲೋಬಿನ್ ಉತ್ತಮವಾಗಿತ್ತು. ಅಲರ್ಜಿಯ ತೀವ್ರ ಪ್ರತಿಕ್ರಿಯೆ ಅಪರೂಪವಾದರೂ ಸಂಭವನೀಯವಾದ್ದರಿಂದ ಆಸ್ಪತ್ರೆಯ ನಿಗಾದಲ್ಲೇ ಕೊಡಬೇಕು. ಸಕ್ರಿಯ ಸೋಂಕಿದ್ದರೆ ಸಾಮಾನ್ಯವಾಗಿ ಮುಂದೂಡುತ್ತಾರೆ. ಹಿಮೋಗ್ಲೋಬಿನ್ ಏರಲೆಂದು ಕ್ಯಾನ್ಸರ್ ಶಸ್ತ್ರಚಿಕಿತ್ಸೆಯನ್ನೇ ತಡಮಾಡುವುದು ಬಹುಪಾಲು ಸರಿಯಲ್ಲ. ಹಿಮೋಗ್ಲೋಬಿನ್ ಕುಸಿಯಲು ಬೇರೆ ಕಾರಣವೂ ಇದೆಯೇ ಎಂದು ತಿಳಿಯಲು ವಿಟಮಿನ್‌ಗಳಾದ ಬಿ12, ಫೋಲೇಟ್ ಮತ್ತು ಮೂತ್ರಪಿಂಡಗಳ ಪರೀಕ್ಷೆ ಆಗಿದೆಯೇ ಎಂದು ವೈದ್ಯರನ್ನು ಕೇಳಿ.