ಬಾಗಿಲ ಕಡೆ ತಲೆ

ಡೊಂಬಿವಲಿಯ ಓದುಗರೊಬ್ಬರ ದೂರು: "ಈಗಿನ ಯುದ್ಧದ ಕಾದಂಬರಿಗಳಲ್ಲಿ ಯುದ್ಧವೇ ಇಲ್ಲ. ಬರೀ ಗೋಡೆ, ಮೆಟ್ಟಿಲು, ಓಣಿ. ಸೈನಿಕ ಊರಿಗೆ ಬಂದು ಮನೆ ಬಾಗಿಲು ದಾಟಲು ಹತ್ತು ಪುಟ! ನೊಂದಿದ್ದಾನೆ ಅಂತ ನೇರವಾಗಿ ಬರೆಯಬಾರದೇ?"

ಸಂಪಾದಕರ ಉತ್ತರ:

ಹತ್ತು ಪುಟ ಜಾಸ್ತಿ, ಒಪ್ಪಿದೆ. ಆದರೆ ಬಾಗಿಲೇ ಬೇಡ ಅನ್ನಬೇಡಿ ಮಾರಾಯ್ರೆ.

ನೀವು ಲೋಕಲ್ ರೈಲಿನಲ್ಲಿ ಮುಂಬಯಿಯ ವಿ.ಟಿ.ಗೆ (ಈಗಿನ ಸಿ.ಎಸ್.ಎಂ.ಟಿ. ಸ್ಟೇಷನ್ನಿಗೆ) ಬರುವಾಗ ಮಸ್ಜಿದ್ ಸ್ಟೇಷನ್ ದಾಟುತ್ತೀರಿ. ಎಡಕ್ಕೆ ಡಾಕ್‌ಗಳು, ಅಂದರೆ ಹಡಗುಕಟ್ಟೆಗಳು. 1944ರ ಏಪ್ರಿಲ್ 14ರ ಸಂಜೆ ನಾಲ್ಕರ ಹೊತ್ತಿಗೆ ಅಲ್ಲಿ ಫೋರ್ಟ್ ಸ್ಟಿಕೀನ್ ಹಡಗು ಸಿಡಿಯಿತು. ಸುಮಾರು 1,400 ಟನ್ ಸ್ಫೋಟಕ, ಅದೇ ಹಡಗಿನಲ್ಲಿ ಹತ್ತಿಯ ಬೇಲು. ಯಾವ ಪುಣ್ಯಾತ್ಮನ ಬುದ್ಧಿಯೋ! ಸುಮಾರು ಅರ್ಧ ಗಂಟೆಗೆ ಇನ್ನೊಂದು ಸ್ಫೋಟ. ಸತ್ತವರು 800ಕ್ಕೂ ಹೆಚ್ಚು. ಮೇ ತಿಂಗಳವರೆಗೆ ಸರ್ಕಾರ ಪತ್ರಿಕೆಗಳ ಬಾಯಿ ಕಟ್ಟಿತ್ತು. ಇಷ್ಟಾದರೂ ನಮ್ಮವರಿಗೆ ನೆನಪಿರುವುದು ಆ ಹಡಗಿನಿಂದ ಸಿಡಿದು ಆಕಾಶದಿಂದ ಬಿದ್ದ ಚಿನ್ನದ ಗಟ್ಟಿ ಮಾತ್ರ.

ಎಪ್ಪತ್ತರ ದಶಕದಲ್ಲಿ ನಾನು ಮುಂಬಯಿಯ ಫೋರ್ಟ್ ಪ್ರದೇಶದ ಹೋಟೆಲೊಂದರಲ್ಲಿ ಹಗಲು ಗ್ಲಾಸು ತೊಳೆದು ರಾತ್ರಿ ಶಾಲೆಗೆ ಹೋಗುತ್ತಿದ್ದೆ. ಅಡುಗೆ ಭಟ್ಟರು ಕುಂದಾಪುರದ ಕಡೆಯವರು. ಆ ಸ್ಫೋಟದ ದಿನ ಮಸ್ಜಿದ್ ಬಂದರಿನ ಒಂದು ಅಟ್ಟದಲ್ಲಿ ಮಧ್ಯಾಹ್ನದ ನಿದ್ದೆಯಲ್ಲಿದ್ದರಂತೆ. ಅಷ್ಟೇ ಗೊತ್ತು. ಮುಂದೆ ಕೇಳಿದರೆ "ಸಾಂಬಾರಿಗೆ ಉಪ್ಪು ಹಾಕಿದ್ಯನಾ?" ಅನ್ನುತ್ತಿದ್ದರು. ನಾವೆಲ್ಲ ಅಟ್ಟದಲ್ಲಿ ಮಲಗಿದರೆ ಅವರು ಮಾತ್ರ ಫುಟ್‌ಪಾತ್‌ನಲ್ಲಿ. ಮಳೆಗಾಲದಲ್ಲಿ ಒಳಗೆ ಬರುತ್ತಿದ್ದರು, ಆದರೆ ತಲೆ ಹೊಸ್ತಿಲ ಮೇಲೆ. ಚಪ್ಪಲಿ ರಸ್ತೆಗೆ ಮುಖ ಮಾಡಿ ಜೋಡಿಸಿಟ್ಟಿರಬೇಕು. ನಾನೊಮ್ಮೆ ಸುಮ್ನೆ ತಿರುಗಿಸಿಟ್ಟೆ. ಮಾತಿಲ್ಲ, ಕತೆಯಿಲ್ಲ, ಎದ್ದು ಸರಿಮಾಡಿ ಮತ್ತೆ ಮಲಗಿದರು. ಇದನ್ನು "ಅವರ ಮನಸ್ಸು ಜರ್ಜರಿತವಾಗಿತ್ತು" ಅಂತ ಬರೆದರೆ ನಿಮಗೇನು ಸಿಕ್ಕಿತು?

ನಿಮ್ಮಂಥ ಒಳ್ಳೆ ಓದುಗರೇ ಹೀಗಂದರೆ ಬರೆಯುವವರು ಕೇಳುತ್ತಾರೆಯೇ? ನನ್ನ ಮೇಜಿಗೆ ಬರುವ ಐತಿಹಾಸಿಕ ಕಾದಂಬರಿಗಳಲ್ಲಿ ಪಾಣಿಪತ್ ಇದೆ, ಶ್ರೀರಂಗಪಟ್ಟಣ ಇದೆ. ಸೇನಾಪತಿ ಪುಟಗಟ್ಟಲೆ ಭಾಷಣ ಬಿಗಿಯುತ್ತಾನೆ. ಅವನು ನಿಂತ ಮಣ್ಣು ಕೆಂಪೋ ಕಪ್ಪೋ, ಬರೆದವರಿಗೇ ಗೊತ್ತಿಲ್ಲ. ಹೋಗಿ ನೋಡಿದವರಲ್ಲ. ಬಿಡುಗಡೆಗೆ ಶಾಲು, ಹಾರ, ಮೈಸೂರು ಪೇಟ ಮಾತ್ರ ತಪ್ಪುವುದಿಲ್ಲ. ಡಾಕ್‌ನಿಂದ ಕೂಗಳತೆಯಲ್ಲಿ ನಮ್ಮ ಎಷ್ಟು ಹುಡುಗರು ಬೆಳೆದರು! ಆ ಸಂಜೆಯ ಬಗ್ಗೆ ಒಂದು ಹಸ್ತಪ್ರತಿಯೂ ನನಗೆ ಬಂದಿಲ್ಲ.

ಕಳೆದ ವಾರ ಆ ಹೋಟೆಲು ಹುಡುಕಿಕೊಂಡು ಹೋಗಿದ್ದೆ. ಈಗ ಅಲ್ಲಿ ಟವರ್. ಹೊಸ್ತಿಲೂ ಇಲ್ಲ. ಗಾಜಿನ ಬಾಗಿಲು, ಹತ್ತಿರ ಹೋದರೆ ತಾನಾಗೇ ತೆರೆದುಕೊಳ್ಳುತ್ತದೆ. ಭಟ್ಟರಿಗೆ ಇಷ್ಟವಾಗುತ್ತಿತ್ತೇನೋ.