ಹೊರಡುವವರು ಪಡೆದುಕೊಂಡು ಹೋಗುವ ಮಾತು

ತೋಟದವರು ಕಾಫಿ ಹೂವರಳಿಸುವ ಹೂಮಳೆಗೆ ಕಾಯುವ ಫೆಬ್ರವರಿ, ಮಾರ್ಚ್ ತಿಂಗಳುಗಳಲ್ಲಿ ಮಡಿಕೇರಿಯ ನನ್ನ ಆಪ್ತಸಲಹೆಯ ಕೊಠಡಿಗೆ ಪ್ರತಿ ವರ್ಷ ಇಬ್ಬರು ಮೂವರಾದರೂ ಒಂದೇ ಪ್ರಶ್ನೆಯನ್ನು ಹೊತ್ತು ಬರುತ್ತಾರೆ: ಹೊರದೇಶದಲ್ಲಿ ಸಂಶೋಧನೆಗೆ ಸೀಟು ಸಿಕ್ಕಿದೆ, ಹೋಗಲೋ ಬೇಡವೋ? ರೈಲಿಲ್ಲದ ಈ ಜಿಲ್ಲೆಯಲ್ಲಿ ಓದಿಗಾಗಿ ಊರು ಬಿಡುವುದು ಹೊಸತಲ್ಲ. ಪದವಿಗೇ ಮೈಸೂರು, ಮಂಗಳೂರು ಹಿಡಿದವರು ನಾವು. ಆದರೆ ಶನಿವಾರದ ಬಸ್ಸಿನಲ್ಲಿ ಮನೆ ಸೇರಬಹುದಾದ ದೂರ ಬೇರೆ, ಐದಾರು ವರ್ಷಗಳ ದೂರ ಬೇರೆ. ಇಲ್ಲಿನ ಪ್ರಕರಣವನ್ನು ತಾಯಿ ಮಗಳಿಬ್ಬರ ಒಪ್ಪಿಗೆ ಪಡೆದು, ಗುರುತು ಸಿಗದಂತೆ ವಿವರಗಳನ್ನು ಬದಲಿಸಿ ಬರೆಯುತ್ತಿದ್ದೇನೆ. ಮೊದಲ ಎರಡು ಭೇಟಿಗಳಲ್ಲಿ ನಾನು ಇದನ್ನು ಪೂರ್ತಿ ತಪ್ಪಾಗಿ ಅರ್ಥ ಮಾಡಿಕೊಂಡಿದ್ದೆ ಎಂಬುದೇ ಬರೆಯಲು ಕಾರಣ.

ಆಕೆ ಸಸ್ಯರೋಗ ಶಾಸ್ತ್ರದಲ್ಲಿ ಸ್ನಾತಕೋತ್ತರ ಪದವಿ ಪಡೆದವಳು, ಒಬ್ಬಳೇ ಮಗಳು. ತಂದೆ ತೀರಿಕೊಂಡು ಮೂರು ವರ್ಷವಾಗಿತ್ತು. ಕೆಲವು ಎಕರೆ ರೊಬಸ್ಟಾ ಕಾಫಿ ತೋಟವನ್ನು ತಾಯಿಯೇ ನೋಡಿಕೊಳ್ಳುತ್ತಿದ್ದರು. ಅಮೆರಿಕದ ವಿಶ್ವವಿದ್ಯಾಲಯವೊಂದು ಶುಲ್ಕ ಮನ್ನಾ ಮಾಡಿ, ಸಂಶೋಧನಾ ಸಹಾಯಕಿಯ ಭತ್ಯೆಯನ್ನೂ ಕೊಡುವುದಾಗಿ ಪತ್ರ ಬರೆದಿತ್ತು. ಅಮ್ಮನನ್ನು ಒಂಟಿಯಾಗಿ ಬಿಟ್ಟು ಹೋಗಲು ಮನಸ್ಸು ಒಪ್ಪುತ್ತಿಲ್ಲ ಎಂದಳು. ನಾನೂ ಅದನ್ನೇ ನಂಬಿ, ಬಾಯಿ ಬಿಟ್ಟು ಹೇಳದೆ ಮಗಳನ್ನು ಹಿಡಿದಿಟ್ಟುಕೊಂಡ ತಾಯಿಯೊಬ್ಬರನ್ನು ಮನಸ್ಸಿನಲ್ಲೇ ಚಿತ್ರಿಸಿಕೊಂಡಿದ್ದೆ.

ಲೆಕ್ಕಾಚಾರದ ಸಂಗತಿಗಳು ಬೇಗ ಮುಗಿದವು. ವಾರದೊಳಗೆ ಉತ್ತರಿಸದಿದ್ದರೆ ಅವಕಾಶ ಕೈತಪ್ಪುತ್ತದೆಂದು ಆಕೆ ಹೆದರಿದ್ದಳು. ಭತ್ಯೆ ಸಹಿತವಾದ ಇಂಥ ಪ್ರವೇಶಕ್ಕೆ ಏಪ್ರಿಲ್ 15ಕ್ಕಿಂತ ಮೊದಲೇ ಉತ್ತರಿಸಬೇಕೆಂದು ವಿದ್ಯಾರ್ಥಿಯನ್ನು ಒತ್ತಾಯಿಸುವುದಿಲ್ಲವೆಂಬ ಒಪ್ಪಂದವೊಂದು ಅಲ್ಲಿನ ವಿಶ್ವವಿದ್ಯಾಲಯಗಳ ನಡುವೆ ಇದೆ. ನಿಮ್ಮ ವಿಶ್ವವಿದ್ಯಾಲಯವೂ ಅದಕ್ಕೆ ಸಹಿ ಹಾಕಿದೆಯೇ ನೋಡಿ ಎಂದೆ, ಹಾಕಿತ್ತು. ಮಾರ್ಗದರ್ಶಕರ ಕೈಕೆಳಗೆ ಈಗಿರುವ ವಿದ್ಯಾರ್ಥಿಗಳೊಂದಿಗೆ ಮಾತಾಡಲು, ಬೇಸಿಗೆ ರಜೆಯಲ್ಲೂ ಭತ್ಯೆ ಬರುತ್ತದೆಯೇ ಎಂದು ವಿಚಾರಿಸಲು ಹೇಳಿದೆ. (ಸ್ನಾತಕೋತ್ತರ ಪದವಿಗೆ ಹೋಗುವವರ ಕಥೆ ಬೇರೆ. ಅಲ್ಲಿ ಹಣ ಬಹುಪಾಲು ಕೈಯಿಂದಲೇ ಹೋಗುತ್ತದೆ; ಅದಕ್ಕಾಗಿ ತೋಟವನ್ನು ಅಡವಿಟ್ಟವರು ಬಂದಾಗ ನನ್ನ ಮಾತು ಇಷ್ಟು ಮೆತ್ತಗಿರುವುದಿಲ್ಲ.)

ಮೂರನೆಯ ಭೇಟಿಗೆ ತಾಯಿಯನ್ನೂ ಕರೆದಿದ್ದೆ. ಅವರು ಬಂದದ್ದು ಒಂದು ಗಂಟೆ ತಡವಾಗಿ. ಮಳೆ ಬಾರದ್ದರಿಂದ ಸ್ಪ್ರಿಂಕ್ಲರ್ ಹಾಕಿಸಿದ್ದರು, ಪಂಪು ಕೆಟ್ಟಿತ್ತು, ಆಳುಗಳು ಹೊರಟು ನಿಂತಿದ್ದರು. ಕುಳಿತವರು ನೀರು ಕುಡಿದು, ನನ್ನ ಮೊದಲ ಪ್ರಶ್ನೆಗೂ ಕಾಯದೆ ಹೇಳಿದರು: "ಮೇಡಂ, ನಾನು ಇವಳಿಗೆ ಹೋಗಬೇಡ ಅಂತ ಒಂದು ದಿನವೂ ಹೇಳಿದವಳಲ್ಲ. ಇವಳೇ ನನ್ನಿಂದ ಮಾತು ತಗೊಂಡಿದ್ದಾಳೆ. ತೋಟ ಗುತ್ತಿಗೆಗೆ ಕೊಡಬಾರದಂತೆ, ಮನೆಗೆ ಬೀಗ ಹಾಕಬಾರದಂತೆ. ಕುಶಾಲನಗರದಲ್ಲಿ ನನ್ನ ತಂಗಿ ಇದ್ದಾಳೆ, ಅವಳ ಮನೆ ಹತ್ತಿರವೇ ಬಾಡಿಗೆಗೆ ಇರೋಣ ಅಂತ ನನಗೆ ಎರಡು ವರ್ಷದಿಂದ ಆಸೆ. ಇವಳು ಅಮೆರಿಕಾಕ್ಕೆ ಹೋಗುವುದಕ್ಕೆ ನಾನು ಯಾಕೆ ಇಲ್ಲಿ ಕಾವಲು ಕೂರಬೇಕು?"

ಮಗಳು ಬಹಳ ಹೊತ್ತು ಮಾತಾಡಲಿಲ್ಲ. ನಾನೂ ಸುಮ್ಮನಿದ್ದೆ, ಅದು ಕಲಿತ ಸಂಯಮವೇನಲ್ಲ, ಹೇಳಲು ನನ್ನಲ್ಲಿ ಏನೂ ಇರಲಿಲ್ಲ. ಆಮೇಲೆ ಆಕೆ ತಾಯಿಯತ್ತ ನೋಡದೆ ಕೇಳಿದಳು: "ಹಾಗಾದರೆ ರಜೆಗೆ ನಾನು ಬರುವುದು ಎಲ್ಲಿಗೆ?"

ಮೂರು ವಾರ ಹೋಗಲೋ ಬೇಡವೋ ಎಂದು ಚರ್ಚಿಸಿದ್ದರ ಅಡಿಯಲ್ಲಿ ಇದ್ದದ್ದು ಈ ಪ್ರಶ್ನೆ. ತಂದೆ ತೀರಿಕೊಂಡ ವಾರವೇ ಆಕೆ ಆ ಮಾತನ್ನು ತಾಯಿಯಿಂದ ಪಡೆದಿದ್ದಳು. ಅಪ್ಪ ನೆಟ್ಟ ಮೆಣಸಿನ ಬಳ್ಳಿ, ಕಾಫಿ ಒಣಗಿಸುವ ಕಣ, ಹಿಂಬದಿಯ ಕಿತ್ತಳೆ ಮರ ಇವೆಲ್ಲ ತಾನು ಹಿಂತಿರುಗುವವರೆಗೆ ಇದ್ದಲ್ಲೇ ಇರಬೇಕು, ಇರಿಸಲು ಅಮ್ಮ ಇರಬೇಕು. ಹಿಡಿದಿಟ್ಟುಕೊಂಡವರು ತಾಯಿಯೆಂದು ನಾನು ಭಾವಿಸಿದ್ದೆ. ಹಗ್ಗ ಇದ್ದದ್ದು ಮಗಳ ಕೈಯಲ್ಲಿ.

ಹೋಗು ಎಂದಾಗಲಿ ಉಳಿದುಕೋ ಎಂದಾಗಲಿ ನಾನು ಹೇಳಲಿಲ್ಲ. ಹೇಳಿದ್ದು ಯಾವುದು ಮೊದಲು, ಯಾವುದು ಆಮೇಲೆ ಎಂಬುದನ್ನು. ವಿಶ್ವವಿದ್ಯಾಲಯಕ್ಕೆ ಏನು ಬರೆಯುವ ಮೊದಲೂ, ತೋಟ ಮತ್ತು ಮನೆಯ ವಿಷಯ ಇನ್ನು ನಿನ್ನ ಇಷ್ಟ ಎಂದು ತಾಯಿಯ ಎದುರು ಕುಳಿತು, ಯಾವ ಷರತ್ತೂ ಇಲ್ಲದೆ ಹೇಳಿ. ಅದಾಗಿ ಕೆಲವು ದಿನ ಕಳೆದ ಮೇಲೆ, ತೋಟದ ಮನೆಗೆ ಬೀಗ ಬಿದ್ದಿದೆಯೆಂದೇ ಇಟ್ಟುಕೊಂಡು, ಆಗಲೂ ಆ ಸಂಶೋಧನೆ ಬೇಕೆನಿಸುತ್ತದೆಯೇ ನೋಡಿಕೊಳ್ಳಿ.

ಸಲಹೆಗಾರರ ಸಭೆಯೊಂದರಲ್ಲಿ ಹೆಸರಿಲ್ಲದೆ ಈ ಪ್ರಕರಣವನ್ನು ಹೇಳಿದಾಗ ಹಿರಿಯರೊಬ್ಬರು ಆಕ್ಷೇಪಿಸಿದರು: ತಂದೆಯನ್ನು ಕಳೆದುಕೊಂಡ ಹುಡುಗಿಯಿಂದ ಮನೆಯನ್ನೂ ಕಿತ್ತುಕೊಂಡಿರಿ, ಆಪ್ತಸಲಹೆಯಲ್ಲಿ ಹೀಗೆ ಮಾಡು ಎನ್ನುವುದಕ್ಕೆ ಎಡೆಯಿಲ್ಲ ಎಂದು. ತೀರ್ಮಾನ ಬಂದವರದ್ದೇ ಎಂಬುದನ್ನು ನಾನೂ ಒಪ್ಪುತ್ತೇನೆ. ಆದರೆ ತಾಯಿಯ ತೀರ್ಮಾನ ಆಗಲೇ ಮಗಳ ಕೈ ಸೇರಿತ್ತಲ್ಲ, ಅದನ್ನು ಮರಳಿಸಿ ಎನ್ನಲು ನನಗೆ ಸಂಕೋಚವಾಗಲಿಲ್ಲ. ಇಂಥ ಮಾತನ್ನು ಕಟ್ಟಿಕೊಂಡು ಹೋದವರನ್ನು ಕಂಡಿದ್ದೇನೆ. ಅಲ್ಲಿ ತರಗತಿಗಳು ಶುರುವಾಗುವುದು ಆಗಸ್ಟ್‌ನಲ್ಲಿ, ಇಲ್ಲಿ ಮಳೆ ಜಡಿಯುವ ಹೊತ್ತಿನಲ್ಲಿ. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡ ಕುಸಿದದ್ದನ್ನು ಕಂಡ ಮಕ್ಕಳಿಗೆ ಆ ತಿಂಗಳು ಸುಲಭದ್ದಲ್ಲ. ಇಲ್ಲಿಗಿಂತ ಹತ್ತೂವರೆ ಗಂಟೆ ಹಿಂದಿರುವ ಊರಿನಲ್ಲಿ ನಿದ್ದೆಗೆಟ್ಟು ಫೋನು ಮಾಡಿ, ಮನೆಯ ಹಿಂದಿನ ಗುಡ್ಡದ ಬರೆಯಲ್ಲಿ ಬಿರುಕಿದೆಯೇ, ಆಳು ಬಂದರೇ, ಚಿಗುರು ತೆಗೆಸಿದಿರಾ ಎಂದು ತನಿಖೆ ನಡೆಸುತ್ತಾರೆ. ಈ ಕಡೆಯವರು ಸರಿಯಿದೆ ಎಂದು ಸುಳ್ಳು ಹೇಳಲು ಕಲಿಯುತ್ತಾರೆ. ಒಂದೆರಡು ವರ್ಷದಲ್ಲಿ ಇಬ್ಬರಿಗೂ ಫೋನೆಂದರೆ ಬೇಸರ. ಹಾಗಾಗಿ ಈಗ ಇಂಥ ಪ್ರಶ್ನೆ ಬಂದಾಗಲೆಲ್ಲ ಭತ್ಯೆ, ವೀಸಾಗಳಿಗೆ ಮೊದಲು ಕೇಳುತ್ತೇನೆ: ನಿಮ್ಮ ಮನೆಯಲ್ಲಿ ಯಾರು ಯಾರಿಗೆ ಏನೆಂದು ಮಾತು ಕೊಟ್ಟಿದ್ದಾರೆ?

ಆಕೆ ಏಪ್ರಿಲ್ ಎರಡನೇ ವಾರ ಒಪ್ಪಿಗೆ ಬರೆದಳು. ಆ ಹೊತ್ತಿಗೆ ತೋಟವನ್ನು ಗುತ್ತಿಗೆಗೆ ಕೊಡುವ ಮಾತುಕತೆಯೂ ಮುಗಿದಿತ್ತು. ಮಗಳು ಹೊರಟ ಮೇಲೆ ತಾಯಿ ಒಮ್ಮೆ ಬಂದು, ಗುತ್ತಿಗೆಯವನು ಮನೆಯ ಬೀಗದ ಕೈಯನ್ನೂ ಕೇಳುತ್ತಿದ್ದಾನೆ, ಕೊಡಲೇ ಎಂದರು. ಮಗಳನ್ನು ಒಂದು ಮಾತು ಕೇಳಿ ನೋಡಿ ಎಂದುಬಿಟ್ಟೆ.

"ಅವಳನ್ನು ಕೇಳಬೇಕಾಗಿಲ್ಲ ಅಂತ ನೀವೇ ಅಲ್ಲವೇ ಮೇಡಂ ಮಾಡಿದ್ದು?" ಎಂದು ಅವರು ನಕ್ಕರು.